ಫಿಫಿತಾಳ ಹೆಸರಿನ ಮುಂದೆ ಏನು ಬರೆಯುವುದು?

ಕೆಪು ಏಳು ವರ್ಷ ನ್ಯೂಜಿಲೆಂಡಿನ ಸೇಬಿನ ತೋಟಕ್ಕೆ ಹೋಗಿಬಂದವನು. ಪ್ರತಿ ಸಲವೂ ಸರಿಯಾದ ವೀಸಾ, ಹೇಳಿದ ದಿನಕ್ಕೆ ವಾಪಸ್ಸು. ಈ ಸಲ ಅಲ್ಲಿಯ ಸರ್ಕಾರ ಕಾಯಂ ವಾಸಕ್ಕೆ ಚೀಟಿ ಎತ್ತಿದಾಗ ಅವನ ಹೆಸರು ಬಂತು. ತೋಟದವರು ಕಾಯಂ ಕೆಲಸವನ್ನೂ ಕೊಟ್ಟರು. ವವಾವು ದ್ವೀಪದ ನಮ್ಮ ಊರಿಗೇ ಹಿಗ್ಗು.

ಅರ್ಜಿಯಲ್ಲಿ ಮಕ್ಕಳ ಹೆಸರಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಫಿಫಿತಾ ಅವನ ತಮ್ಮನ ಮಗಳು. ಹುಟ್ಟಿದ ವಾರವೇ ತಮ್ಮ ಅವಳನ್ನು ತಂದು ಕೆಪುವಿನ ಹೆಂಡತಿ ಲೂಸೆಯಾಳ ಮಡಿಲಿಗೆ ಹಾಕಿದ್ದ. ಈಗ ಅವಳಿಗೆ ಎಂಟು ವರ್ಷ. ನಮ್ಮಲ್ಲಿ ಅಪ್ಪನ ಅಣ್ಣನೂ ಅಪ್ಪನೇ.

ಚಾಪೆ ಹೆಣೆಯುವ ಮನೆಯಲ್ಲಿ ಮಾತು ನಡೆಯಿತು. ನಾನೂ ಕೇದಗೆಯ ಎಲೆ ಸೀಳುತ್ತ ಕೂತಿದ್ದೆ.

“ಸ್ವಂತ ಮಗಳು ಅಂತ ಬರ್ದ್‌ಬಿಡ್ತೀನಿ. ಸುಳ್ಳೇನಲ್ವಲ್ಲ,” ಅಂದ ಕೆಪು.

ಊರವರ ಅರ್ಜಿಗಳನ್ನೆಲ್ಲ ಓದಿಕೊಡುವ ಹಳೆಯ ಟೀಚರ್ ಆನಾಸೇನಿ ಹೆಣಿಗೆಯಿಂದ ತಲೆ ಎತ್ತಲಿಲ್ಲ. “ನಮ್ಗೆ ಸುಳ್ಳಲ್ಲ ಕಣೋ. ಜನನ ಪತ್ರದಲ್ಲಿ ನಿನ್ ತಮ್ಮನ ಹೆಸ್ರಿದ್ಯಲ್ಲ, ಅದನ್ನೇನು ನುಂಗ್ತೀಯಾ?”

“ಸಮುದ್ರದಾಚೆ ಕೂತೋರಿಗೆ ನಮ್ ಮನೆ ಸಂಗತಿ ಯಾಕಕ್ಕಾ?”

“ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡ್ತಾರೆ. ಸುಳ್ಳು ಅಂತ ಕಂಡ್ರೆ ಅರ್ಜೀನೂ ಹೋಗ್ಬಹುದು, ಏಳು ವರ್ಷದ ಒಳ್ಳೆ ಹೆಸ್ರೂ ಹೋಗ್ಬಹುದು.”

ಲೂಸೆಯಾಳ ಕೈ ನಿಂತಿತು. “ನಿಜ ಬರೆದ್ಮೇಲೆ, ಹುಡುಗೀನ ಬಿಟ್ಟು ಬನ್ನಿ ಅಂದ್ರೆ? ಅವಳಿಲ್ದೆ ನಾನು ವಿಮಾನ ಹತ್ತಲ್ಲ.”

“ಅದಕ್ಕೇ ಕೋರ್ಟಿಗೆ ಹೋಗಿ. ಹೆತ್ತೋರು ಒಪ್ಪಿ ಸಹಿ ಹಾಕ್ಲಿ. ಪಾಲನೆ ಹಕ್ಕು ನಿಮ್ಮದು ಅಂತ ಜಡ್ಜು ಬರ್ದುಕೊಡ್ಲಿ. ಆಮೇಲೆ ಇದ್ದಿದ್ದು ಇದ್ದ ಹಾಗೇ ಬರೀರಿ.”

“ತಮ್ಮನ್ನ ಕೋರ್ಟಿಗೆ ಎಳೀಲಾ? ಊರು ನಗತ್ತೆ,” ಅಂದ ಕೆಪು.

“ನಗ್ಲಿ ಬಿಡು. ಮೊದಲ್ನೇ ಸಲ ನೀನು ಉಣ್ಣೆ ಟೋಪಿ ಹಾಕ್ಕೊಂಡು ಹೊರಟಾಗ್ಲೂ ನಕ್ಕಿತ್ತು.”

ಆದರೆ ಕೆಪುವಿನ ತಮ್ಮ, ದೊಡ್ಡವರೆದುರು ಹೋಗುವಾಗ ನಮ್ಮವರು ಉಡುವ ಮರ್ಯಾದೆಯ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು ತಾನಾಗಿಯೇ ಕೋರ್ಟಿಗೆ ಬಂದ. “ಕೊಟ್ಟಿದ್ದು ನಾನೇ ಸ್ವಾಮಿ. ವಾಪಸ್ ಕೇಳೋಕಲ್ಲ, ಗಟ್ಟಿ ಮಾಡೋಕೆ ಬಂದಿದೀನಿ,” ಅಂದ. ಅವನೂ ಅವನ ಹೆಂಡತಿಯೂ ಸಹಿ ಹಾಕಿದರು, ಜಡ್ಜು ಪಾಲನೆಯ ಹಕ್ಕು ಬರೆದುಕೊಟ್ಟರು.

ಫಿಫಿತಾಳ ಹೆಸರಿನ ಮುಂದೆ ‘ತಮ್ಮನ ಮಗಳು, ಪಾಲನೆ ನಮ್ಮದು’ ಎಂದು ಬರೆದು, ಅರ್ಜಿ ಗಡುವಿನೊಳಗೇ ಹೋಯಿತು. ಅಲ್ಲಿಯವರು ಎರಡು ಸಲ ಪ್ರಶ್ನೆ ಕೇಳಿದರು. ಎರಡು ಸಲವೂ ಇವರ ಬಳಿ ಕಾಗದವಿತ್ತು. ತಿಂಗಳುಗಳು ಕಳೆದ ಮೇಲೆ ಮಂಜೂರಾದ ಪತ್ರ ಬಂತು. ಕೆಪು ಅದನ್ನು ತಮ್ಮನ ಕೈಗೇ ಕೊಟ್ಟ. ತಮ್ಮ ಎದ್ದು ನಿಂತು, ಊರಿಗೆಲ್ಲ ಕೇಳುವಂತೆ ಮೂರು ಹೆಸರನ್ನೂ ಓದಿದ. ಫಿಫಿತಾಳ ಹೆಸರನ್ನು ಎರಡು ಸಲ ಓದಿದ.

ಹೊರದೇಶದಲ್ಲಿ ದುಡಿದು ನೆಲೆಯೂರಲು ಹೊರಟ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮನೆಯ ಸಂಬಂಧವನ್ನು ಇದ್ದಂತೆಯೇ ಬರೆಯಿರಿ. ಸಾಕಿದ ಮಗುವಿದ್ದರೆ ಇಂದೇ ತಿಳಿದವರನ್ನು ಕೇಳಿ, ಕಾಗದ ಮಾಡಿಸಿ. ತಲೆ ಎತ್ತಿಕೊಂಡು ಹೋಗಿ, ಮಗುವಿನ ಕೈ ಹಿಡಿದುಕೊಂಡು ಹೋಗಿ.