ಕರಿ ಮೇಜಿನ ದೀಪ

ನಾನು ಒಂದು ಡೈ, ಕಾಗದ ಕತ್ತರಿಸುವ ಅಚ್ಚು. ಅಂಗೈಯಗಲದ ಹಲಗೆ, ಅದರಲ್ಲಿ ದೀಪದ ಕುಡಿಯ ಆಕಾರಕ್ಕೆ ಕೊರೆದ ಸೀಳು, ಸೀಳಿನಲ್ಲಿ ನೆಟ್ಟ ತೆಳ್ಳನೆಯ ಉಕ್ಕಿನ ಪಟ್ಟಿ: ಇಷ್ಟೇ ನನ್ನ ಮೈ. ಪಟ್ಟಿಯ ಮೇಲಂಚು ಬ್ಲೇಡಿನಷ್ಟು ಚೂಪು. ಕತ್ತರಿಸಿದ ಕಾಗದ ಬಾಯಲ್ಲೇ ಕಚ್ಚಿಕೊಳ್ಳದಿರಲಿ ಎಂದು ಅಕ್ಕಪಕ್ಕ ಸ್ಪಂಜು ಅಂಟಿಸಿದ್ದಾರೆ. ಹುಬ್ಬಳ್ಳಿಯ ಗಲ್ಲಿಯೊಂದರಲ್ಲಿ ಮಾಬೂಸಾಬ ಎಂಬ ಮುದುಕ ಇಕ್ಕಳದಿಂದ ನನ್ನನ್ನು ಬಗ್ಗಿಸಿದ. ಕುಡಿಯ ತುದಿಯಲ್ಲಿ ಪಟ್ಟಿಯ ಎರಡು ಕೊನೆಗಳು ಕೂಡಲೊಲ್ಲವು. "ಏ ಹುಚ್ಚಪ್ಯಾಲಿ, ಲಗ್ನದ ಮನಿಗೆ ಹೊಂಟೀ, ಮೋತಿ ಸೊಟ್ಟ ಮಾಡಬ್ಯಾಡ," ಎಂದು ಬೈಯುತ್ತ ಸುತ್ತಿಗೆಯಿಂದ ತಟ್ಟಿ ಕೂಡಿಸಿದ.

ಗದಗಿನ ಒಂದು ಕಾರ್ಡು ಕಾರ್ಖಾನೆಗೆ ನನ್ನನ್ನು ತಂದರು. ಕಾರ್ಖಾನೆ ಎಂದರೆ ಒಂದು ಉದ್ದನೆಯ ಕೋಣೆ. ಬಾಗಿಲ ಬೆಳಕಿಗೆ ದೊಡ್ಡ ಮೇಜು, ಹಿಂದಿನ ಮೂಲೆಯಲ್ಲಿ ಕರಿ ರೆಕ್ಸಿನ್ ಹೊದಿಸಿದ ಸಣ್ಣ ಮೇಜು. ದೊಡ್ಡ ಮೇಜಿನ ಮೇಲೆ ದೀಪಾವಳಿಯ ಶುಭಾಶಯ ಕಾರ್ಡು, ಕುಸುರೆಳ್ಳಿನ ಪುಟ್ಟ ಚೀಲ ಅಂಟಿಸಿದ ಸಂಕ್ರಾಂತಿ ಕಾರ್ಡು, ಲಗ್ನಪತ್ರಿಕೆ. ಕರಿ ಮೇಜಿನ ಮೇಲೆ ಸತ್ತವರ ಕಾರ್ಡು. ಇದರ ಕತ್ತರಿ ಬೇರೆ, ಅದರ ಕತ್ತರಿ ಬೇರೆ. ಅಂಟು ಬೇರೆ, ಕೈಯೊರೆಸುವ ಅರಿವೆ ಬೇರೆ. ಅಲ್ಲಿಯದು ಇಲ್ಲಿಗೆ ಬರಬಾರದು. ಮಾಲಕನ ತಾಯಿ ಪಾರವ್ವ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದುದು ಇದನ್ನೇ.

ನಾನು ದೊಡ್ಡ ಮೇಜಿಗೆ ಸೇರಿದ್ದೆ. ನನ್ನನ್ನು ಕೈಯಲ್ಲಿ ಹಿಡಿದವಳು ನೀಲವ್ವ. ಚಿತ್ತಾರದ ಕಾಗದವನ್ನು ನನ್ನ ಮೇಲೆ ಬೋರಲು ಹಾಕಿ, ಉಗುರಿನಿಂದ ಒಮ್ಮೆ ಸವರಿ, ತಗಡು ಮುಚ್ಚಿ ಒತ್ತುಯಂತ್ರದ ಉರುಳೆಗಳ ನಡುವೆ ತಳ್ಳುತ್ತಿದ್ದಳು. ಜೊತೆಗೆ ಕೆಲಸ ಮಾಡುವ ರಜಿಯಾ ಅದರ ಗಾಲಿ ತಿರುವುತ್ತಿದ್ದಳು. ಆಚೆ ಬರುವಷ್ಟರಲ್ಲಿ ಕಾರ್ಡಿನ ಎದೆಯಲ್ಲಿ ದೀಪದ ಕುಡಿಯಂಥ ಒಂದು ಕಿಟಕಿ ತೆರೆದಿರುತ್ತಿತ್ತು. ಹಿಂದಿನಿಂದ ಹಳದಿ ಹಾಳೆ ಅಂಟಿಸಿದರೆ ದೀಪ ಉರಿಯಿತೆಂದೇ ಲೆಕ್ಕ. ಮೂಲೆಗೆ ಬಂಗಾರದ ಮಸಿಯಲ್ಲಿ ಮಾವಿನಕಾಯಿ ಚಿತ್ತಾರದ ಕಟ್ಟಿಗೆಯ ಅಚ್ಚು ಒತ್ತುತ್ತಿದ್ದಳು.

"ಯಕ್ಕಾ, ಊರಿಗೆಲ್ಲಾ ಶುಭಾಶಯ ಹಂಚತೀವಿ. ನಮಗ ಯಾರರ ಒಂದು ಕಾರ್ಡು ಕಳಿಸ್ಯಾರೇನ?" ಎಂದು ರಜಿಯಾ ಕೇಳಿದರೆ, ನೀಲವ್ವ ತಲೆಯೆತ್ತದೆ ಹೇಳುತ್ತಿದ್ದಳು: "ಕಳಸ್ತಾರ ತಡಿಯಬೇ. ಕರೆಂಟಿನವರು ತಪ್ಪದ ಕಳಸ್ತಾರ."

ನೀಲವ್ವನ ಗಂಡ ಹಮಾಲಿ ಮಾಡುತ್ತಿದ್ದ. ಗೋದಾಮಿನಲ್ಲಿ ಚೀಲದ ರಾಶಿ ಕುಸಿದು ಅದರಡಿಯಲ್ಲೇ ಮುಗಿದುಹೋದ. ಕೆಲವು ದಿನ ಕಳೆದು ಅವಳು ಕೆಲಸಕ್ಕೆ ಬಂದಳು. ಹಣೆ ಬೋಳು, ಕೈ ಬೋಳು. ರೂಢಿಯಂತೆ ನನ್ನನ್ನೆತ್ತಿ ದೀಪಾವಳಿ ಕಾರ್ಡು ಕತ್ತರಿಸತೊಡಗಿದಳು. ಅರ್ಧ ಕಟ್ಟು ಮುಗಿದಿತ್ತು. ಪಾರವ್ವ ಬಂದಳು, ನೋಡಿದಳು.

"ಅಯ್ಯ ಶಿವನ! ನೀಲವ್ವಾ, ಶುಭದ್ದಕ್ಕ ಕೈ ಹಚ್ಚೀಯಲ್ಲ! ಇನ್ನ ಮ್ಯಾಲೆ ಆ ಮೂಲಿ ಮೇಜು ನಿಂದು. ನಿನ್ನ ಒಳ್ಳೇದಕ್ಕ ಹೇಳ್ತೀನಿ, ತಾಯಿ."

ನನ್ನನ್ನೂ ಅವಳ ಹಿಂದೆಯೇ ಮೂಲೆಗೆ ಎಸೆದರು. ಗಂಡ ಸತ್ತವಳ ಕೈ ತಾಗಿದ ಡೈ ದೊಡ್ಡ ಮೇಜಿನ ಮೇಲೆ ಇರಬಾರದಂತೆ. ಆದರೆ ಅದೇ ಕೈ ಕತ್ತರಿಸಿದ ಆ ಅರ್ಧ ಕಟ್ಟು ಕಾರ್ಡು? ಅದನ್ನು ಎಸೆಯಲಿಲ್ಲ. ಅರಿವೆಯಿಂದ ಒರೆಸಿ ಮಾರಿದರು. ಮೈಲಿಗೆಗೂ ಕಣ್ಣಿದೆ, ಲಾಭ ಎಲ್ಲಿದೆಯೋ ಅಲ್ಲಿಗೆ ಅದು ಹೋಗುವುದಿಲ್ಲ.

ಕರಿ ಮೇಜಿನ ಮೇಲೆ ನನ್ನ ಕೆಲಸ ಬದಲಾಗಲಿಲ್ಲ. ಕಿಟಕಿ ಅದೇ, ಹಿಂದೆ ಅಂಟಿಸುವುದು ಮಾತ್ರ ಬೇರೆ. ಹಳದಿ ಹಾಳೆಯ ಬದಲು ಸತ್ತವರ ಫೋಟೋ. ಅವರ ಮುಖವನ್ನು ನನ್ನ ಮೇಲಿಟ್ಟು ಅಳತೆ ನೋಡುತ್ತಿದ್ದರು. ಆಗ ಆ ಕಣ್ಣುಗಳು ನನ್ನ ಅಲಗಿನ ಅಂಚಿಗೇ ಬರುತ್ತಿದ್ದವು. ಮುದುಕರು ಸುಮ್ಮನೆ ಹೋಗುತ್ತಿದ್ದರು. ಎಳೆಯರು ಹೋಗುತ್ತಿರಲಿಲ್ಲ. ಕಾರ್ಡು ಅಂಚೆಗೆ ಬಿದ್ದ ಮೇಲೂ ನನ್ನ ಸ್ಪಂಜಿನಲ್ಲಿ ಉಸಿರು ಒತ್ತಿದಂತೆ ಏನೋ ಉಳಿಯುತ್ತಿತ್ತು.

ಕಸ್ತೂರಿ ಹಾಗೆ ಉಳಿದವಳು.

ಅವಳ ಕಾರ್ಡು ಮಾಡಿಸಲು ಬಂದವನು ಅವಳ ಗಂಡ, ಗುರುಪಾದ. ಇಸ್ತ್ರಿ ಮಾಡಿದ ಅಂಗಿ, ಕತ್ತಿಗೆ ಪೌಡರು. ತಂದದ್ದು ಲಗ್ನದ ಫೋಟೋ. "ಇದರಾಗ ನನ್ನ ತಗದು ಅಕೀನಷ್ಟ ಇಡ್ರಿ. ಡಿಸೈನು... ಅದ ದೀಪದ್ದು ಚಂದೈತಿ," ಎಂದು ನನ್ನ ಕಡೆಗೆ ಬೆರಳು ಮಾಡಿದ. ನೀಲವ್ವ ನನ್ನಿಂದ ಒಂದು ಮಾದರಿ ಕತ್ತರಿಸಿ ತೋರಿಸಿದಳು. ಫೋಟೋದಿಂದ ಗಂಡ ಹೋಗಿದ್ದ, ಆದರೆ ಕಸ್ತೂರಿಯ ಹೆಗಲ ಮೇಲೆ ಅವನ ಕೈ ಉಳಿದಿತ್ತು. ಗುರುಪಾದ ಹುಬ್ಬು ಗಂಟಿಕ್ಕಿದ. "ಆ ಕೈನೂ ತಗೀರಿ."

ಅವನು ಹೋದ ಒಂದೆರಡು ದಿನಕ್ಕೆ ಕಸ್ತೂರಿಯ ತಾಯಿ ಬಂದಳು. ದೊಡ್ಡ ಮೇಜನ್ನು ದಾಟಿ ನೇರ ಮೂಲೆಗೆ ಬಂದು ನೆಲದ ಮೇಲೆ ಕೂತಳು.

"ನನಗೊಂದು ಕಾರ್ಡು ಕೊಡವ್ವಾ. ಮಗಳ ಫೋಟೋ ನನ್ನ ಹಂತೇಕ ಒಂದೂ ಇಲ್ಲ."

ನೀಲವ್ವ ಕೊಟ್ಟಳು. ಆ ತಾಯಿ ಕಿಟಕಿಯ ಅಂಚನ್ನು ಬೆರಳಿಂದ ಸವರಿದಳು. "ದೀಪ ಮಾಡ್ಯಾರ ನೋಡು. ಆ ಹೊತ್ತಿನಾಗ ಒಲಿ ಉರೀತಿದ್ದಿಲ್ಲವ್ವಾ ಆ ಮನ್ಯಾಗ. ಅಡಗಿ ಆಗಿತ್ತು, ಮಂದಿ ಉಂಡಿದ್ರು. ಬೆಂಕಿ ನನ್ನ ಮಗಳ ಮೈಯಾಗಷ್ಟ ಇತ್ತು."

ಪೊಲೀಸರಿಗೂ ಅವಳು ಇದನ್ನೇ ಹೇಳಿದ್ದಳಂತೆ. ಅವರು ಕೇಳಿಕೊಂಡು ಚಹಾ ಕುಡಿದರಂತೆ. ಕಾರ್ಡಿನಲ್ಲಿ 'ಆಕಸ್ಮಿಕ ನಿಧನ' ಎಂದಿತ್ತು. ಬೆಂಕಿಯಲ್ಲಿ ಸತ್ತವಳನ್ನು ಬೆಂಕಿಯ ಆಕಾರದಲ್ಲಿ ಕತ್ತರಿಸಿಕೊಟ್ಟವನು ನಾನು. ಉಳಿದ ಒಂದು ಫೋಟೋವನ್ನು ನೀಲವ್ವನಿಗೆ ಎಸೆಯಲಾಗಲಿಲ್ಲ, ನನ್ನ ಹಲಗೆಯ ಬೆನ್ನಿಗೆ ಅಂಟಿಸಿದಳು. ಅಂದಿನಿಂದ ಉರುಳೆಯ ಕೆಳಗೆ ಹೋಗುವಾಗೆಲ್ಲ ನಾವಿಬ್ಬರು.

ನೀಲವ್ವನ ಮಗಳು ಸುಜಾತಾಳಿಗೆ ಗಂಡು ಗೊತ್ತಾಯಿತು. ಗೊತ್ತು ಮಾಡಿದವನು ನೀಲವ್ವನ ಭಾವ, ಗಂಡನ ಅಣ್ಣ ಫಕೀರಪ್ಪ. ಎರಡನೇ ಸಂಬಂಧ, ಮೊದಲಿನಾಕೆ ಜ್ವರ ಬಂದು ತೀರಿಕೊಂಡಳು ಎಂದ. ಹೆಣ್ಣು ನೋಡಲು ಬಂದ ದಿನ ನೀಲವ್ವನನ್ನು ಒಳಕೋಣೆಯಲ್ಲಿ ಕೂರಿಸಿ ಬಾಗಿಲು ಎಳೆದಿದ್ದರು. ಬೀಗರಿಗೆ ಬೋಳು ಹಣೆ ಕಾಣಬಾರದು. ಹೀಗೆ ಹೆತ್ತವಳಿಗೆ ಅಳಿಯನ ಮುಖ ಗೊತ್ತಿರಲಿಲ್ಲ.

ಲಗ್ನಪತ್ರಿಕೆ ಇಲ್ಲೇ ಆಗಬೇಕೆಂದು ಫಕೀರಪ್ಪ ಫೋಟೋ ಕೊಟ್ಟುಹೋದ. ರಜಿಯಾ ಅದನ್ನು ದೂರದಿಂದಲೇ ಎತ್ತಿ ತೋರಿಸಿದಳು. "ಯಕ್ಕಾ, ಅಳಿಯನ್ನ ನೋಡ ಬಾ. ಪೌಡರು ಜಾಸ್ತಿ ಆಗೇತಿ, ತೊಳದ್ರ ಹೊಕ್ಕೈತಿ ಬಿಡು!"

ನೀಲವ್ವ ನೋಡಿದಳು: ಗುರುಪಾದ. ಅವಳ ಕೈ ನನ್ನ ಅಲಗಿನ ಮೇಲೇ ಇತ್ತು. ರಕ್ತ ಬಂದದ್ದು ಅವಳಿಗೆ ತಿಳಿಯಲಿಲ್ಲ.

ಅವಳು ಭಾವನಿಗೆ ಕಸ್ತೂರಿಯ ಸಂಗತಿ ಹೇಳಿದಳು. ಕಾರ್ಖಾನೆಯ ಬಾಗಿಲಲ್ಲೇ ಹೇಳಿದಳು, ನನಗೆಲ್ಲ ಕೇಳಿತು. ಫಕೀರಪ್ಪ ಎಲೆಅಡಿಕೆ ಜಗಿಯುತ್ತ ನಿಂತಿದ್ದ.

"ನೀ ಕಂಡಿಯೇನ ಬೆಂಕಿ ಹಚ್ಚಿದ್ದನ್ನ? ಸತ್ತವರ ಕಾರ್ಡಿನ ಸುದ್ದಿ ಲಗ್ನದಾಗ ತರಬ್ಯಾಡ. ಗಂಡ ಸತ್ತಾಕಿ ಇದ್ದೀ, ಸುಮ್ನ ಇರೂದು ಕಲಿ."

ಮರುದಿನ ಪಾರವ್ವ ಊಟ ಮಾಡಿ ಕುರ್ಚಿಯಲ್ಲೇ ತೂಕಡಿಸುವ ಹೊತ್ತಿಗೆ ನೀಲವ್ವ ನನ್ನನ್ನು ಎತ್ತಿಕೊಂಡು ದೊಡ್ಡ ಮೇಜಿಗೆ ನಡೆದಳು. ಸುಜಾತಾಳ ಲಗ್ನಪತ್ರಿಕೆಗಳ ಕಟ್ಟಿನ ಮೇಲಿನದೊಂದನ್ನು ನನ್ನ ಮೇಲೆ ಬೋರಲು ಹಾಕಿದಳು.

"ಯಕ್ಕಾ, ಇದರಾಗ ನಿನ್ನ ಕೆಲಸ ಹೊಕ್ಕೈತಿ," ಎಂದಳು ರಜಿಯಾ.

"ಮಗಳು ಹೋಗೂದಕ್ಕಿಂತ ಕೆಲಸ ಹೋಗಲಿ. ತಿರುವು."

ರಜಿಯಾ ತಿರುವಿದಳು. ನೀಲವ್ವ ನನ್ನ ಬೆನ್ನಿನಿಂದ ಕಸ್ತೂರಿಯನ್ನು ಬಿಡಿಸಿ ಆ ಕಿಟಕಿಯ ಹಿಂದೆ ಅಂಟಿಸಿದಳು. ಕಾರ್ಡು ಮಡಚಿ ಕಟ್ಟಿನ ಮೇಲೆಯೇ ಇಟ್ಟಳು.

ಪತ್ರಿಕೆ ಒಯ್ಯಲು ಬೀಗರು ಬಂದರು: ಗುರುಪಾದ, ಅವನ ತಾಯಿ, ಜೊತೆಗೆ ಫಕೀರಪ್ಪ. ಪಾರವ್ವ ಪದ್ಧತಿಯಂತೆ ಮೊದಲ ಕಾರ್ಡಿನ ನಾಲ್ಕು ಮೂಲೆಗೆ ಅರಿಷಿಣ ಹಚ್ಚಿ ಗಂಡಿನ ತಾಯಿಯ ಉಡಿಗೆ ಹಾಕಿದಳು. ಆಕೆ ಕಣ್ಣಿಗೊತ್ತಿಕೊಂಡು ಬಿಡಿಸಿದಳು.

ಒಳಗೆ, ಮಗನ ಹೆಸರಿನ ಪಕ್ಕ, ಕುಡಿಯ ಆಕಾರದ ಕಿಟಕಿಯಿಂದ ಕಸ್ತೂರಿ ನೋಡುತ್ತಿದ್ದಳು.

ಗುರುಪಾದ ಕಾರ್ಡು ಕಸಿದುಕೊಂಡ. "ಯಾರ ಕೆಲಸ ಇದು?"

ನೀಲವ್ವ ಮೂಲೆಯಿಂದ ಬಂದಳು. "ನಂದ್ರಿ ಅಳಿಯಂದ್ರ. ಗುರ್ತು ಸಿಗಲಿಲ್ಲೇನು? ಹೆಗಲ ಮ್ಯಾಲಿನ ಕೈ ತಗಿ ಅಂದಿದ್ರಿ. ತಗದೀನಿ, ನೋಡ್ರಿ."

"ಅಕೀಗೆ ತಲಿ ಕೆಟ್ಟೈತ್ರಿ, ಮನಸಿಗೆ ಹಚ್ಗೋಬ್ಯಾಡ್ರಿ," ಎಂದು ಫಕೀರಪ್ಪ ಕೈ ಮುಗಿದ. ಗಂಡಿನ ತಾಯಿ ಸುಧಾರಿಸಿಕೊಂಡಳು. ಸೆರಗಿನಿಂದ ಮುಖ ಒರೆಸಿ, "ಹ್ವಾದಾಕಿ ಹ್ವಾದಳು. ಅದನ್ನ ಈಗ್ಯಾಕ ಎತ್ತೀರಿ. ಎರಡನೇ ಕಾರ್ಡು ಕೊಡ್ರಿ," ಎಂದಳು.

ನಾನು ಅದನ್ನು ಕೇಳಿದೆ. ಸುಟ್ಟ ಹೆಣ್ಣಿನ ಮುಖ ಕೈಯಲ್ಲಿದೆ, ಆಕೆ ಎರಡನೇ ಕಾರ್ಡು ಕೇಳುತ್ತಿದ್ದಾಳೆ.

ನೀಲವ್ವ ಪಾರವ್ವನ ಅರಿಷಿಣದ ಬಟ್ಟಲಿಗೆ ಬೋಳು ಕೈಯನ್ನು ಮಣಿಕಟ್ಟಿನ ತನಕ ಅದ್ದಿದಳು. ಎರಡನೇ ಕಾರ್ಡಿನ ಮೇಲೆ ಒತ್ತಿದಳು. ಮೂರನೆಯದರ ಮೇಲೆ ಒತ್ತಿದಳು. ಕಟ್ಟು ಬಿಚ್ಚಿ ಹರಡಿ, ಸಿಕ್ಕಸಿಕ್ಕ ಕಾರ್ಡಿನ ಮೇಲೆಲ್ಲ ಐದು ಬೆರಳೂ ಒತ್ತಿದಳು.

"ಇದನ್ನೂ ಮುಟ್ಟೀನಿ. ಇದನ್ನೂ ಮುಟ್ಟೀನಿ. ಬೇಕಂದ್ರ ನಿಮ್ಮನ್ನೂ ಮುಟ್ಟತೀನಿ, ಬರ್‍ರಿ."

ಆಗ ಎದ್ದಳು ಗಂಡಿನ ತಾಯಿ. ಉಡಿಯಲ್ಲಿ ಚೇಳು ಬಿದ್ದಂತೆ ಎದ್ದಳು. "ಅಯ್ಯಯ್ಯೋ! ಮುಂಡಿ ಮುಟ್ಟಿದ ಪತ್ರಿಕೀಲೆ ನನ್ನ ಮಗನ ಲಗ್ನೇನು? ಬ್ಯಾಡ, ಈ ಸಂಬಂಧನ ಬ್ಯಾಡ. ನಡಿಯೋ ಗುರುಪಾದ!"

ಕೊಂದದ್ದಕ್ಕೆ ಏಳದವರು ಮುಟ್ಟಿದ್ದಕ್ಕೆ ಎದ್ದು ಹೋದರು.

ಸುದ್ದಿ ತಿಳಿದು ಸುಜಾತಾ ಓಡಿಬಂದಾಗ ತಾಯಿ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಕೆಲಸ ಹೋಗಿತ್ತು. ಅವಳ ಚೀಲದ ಪಕ್ಕ ನನ್ನನ್ನೂ ಎಸೆದಿದ್ದರು.

"ಮೆಹಂದಿ ತಂದಿಟ್ಟಿದ್ನಲ್ಲಬೇ ಯವ್ವಾ," ಎಂದು ಸುಜಾತಾ ಅತ್ತಳು.

"ಇವತ್ತ ಹಚ್ಕೋ," ಎಂದಳು ನೀಲವ್ವ. "ನಿನ್ನ ಕೈಗೆ ನಾನ ಹಚ್ಚತೀನಿ. ನಡಿ."

ಅವರು ನಡೆದು ಹೋದರು. ನನ್ನನ್ನು ಯಾರೋ ಗುಜರಿಗೆ ಹಾಕಿದರು. ಈಗ ಮುರಿದ ಫ್ಯಾನು, ಸೈಕಲ್ ಸರಪಳಿಗಳ ನಡುವೆ ಬಿದ್ದಿದ್ದೇನೆ. ಸ್ಪಂಜು ಪುಡಿಯಾಗಿದೆ, ಅಲಗಿಗೆ ತುಕ್ಕು ಬಂದಿದೆ. ಒಂದು ಮನೆಯ ಮಗಳು ಉಳಿದಳು. ಅದು ಸಣ್ಣದಲ್ಲ. ಆದರೆ ನ್ಯಾಯ ಗೆದ್ದಿತೆಂದು ಯಾರಾದರೂ ಹೇಳಿದರೆ ನಾನು ಒಪ್ಪುವವನಲ್ಲ. ಗುರುಪಾದನ ತಾಯಿ ಮಗನನ್ನು ಕರೆದುಕೊಂಡು ಕಾರು ಹತ್ತಿದ್ದನ್ನು ನೋಡಿದ್ದೇನೆ. ಅವರಿಗೆ ಅವಸರವಿತ್ತು.

ಬೇರೆ ಊರಿನ ಬೇರೆ ಕಾರ್ಖಾನೆಯಲ್ಲಿ ಅವನ ಹೊಸ ಲಗ್ನಪತ್ರಿಕೆಯ ಮಸಿ ಈಗ ಒಣಗುತ್ತಿರಬಹುದು. ಅಲ್ಲಿಯ ಕರಿ ಮೇಜಿಗೆ ಕಸ್ತೂರಿಯ ಮುಖ ಗೊತ್ತಿಲ್ಲ.