ಮೆಟ್ಟಿಲು ನಮ್ಮ ಕಡೆ, ರಾಟೆ ಅವರ ಕಡೆ

ಚಾಮರಾಜಪೇಟೇಲಿ ತೋಟ ಇದೆ ಅಂದ್ರೆ ಜನ ನಗ್ತಾರೆ. ನಗಲಿ. ನಮ್ಮದು ಎಂಟು ಗುಂಟೆ. ಮೂರು ಕಡೆ ಮನೆಗಳ ಬೆನ್ನು, ಒಂದು ಕಡೆ ಓಣಿ. ದಂಟು, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ ಹಾಕ್ತೀನಿ. ಗೋಡೆ ಉದ್ದಕ್ಕೂ ಮಲ್ಲಿಗೆ, ಮೂಲೇಲಿ ಒಂದು ಹಸು. ನನ್ನ ಹೆಸರು ಅಣ್ಣಮ್ಮ, ವಯಸ್ಸು ಅರವತ್ತೊಂದು. ಮೊಳಕೆ ನೋಡಿ ಇದು ಸೊಪ್ಪೋ ಕಳೆಯೋ ಅಂತ ಹತ್ತು ಅಡಿ ದೂರದಿಂದ ಹೇಳ್ತೀನಿ. ಕಳೆ ಕೀಳೋದ್ರಲ್ಲಿ ನನ್ನ ಸಮ ಯಾರಾದ್ರೂ ಇದ್ರೆ ಬರಲಿ, ಒಂದು ಪಾತಿ ಅವರಿಗೆ, ಒಂದು ಪಾತಿ ನನಗೆ.

ಈ ತೋಟಕ್ಕೆ ಇರೋದು ಒಂದೇ ಬಾವಿ. ಅದೂ ಪೂರ್ತಿ ನಮ್ಮದಲ್ಲ. ಅರ್ಧ ನಮ್ಮ ತೋಟದಲ್ಲಿ, ಅರ್ಧ ಪಕ್ಕದ ಮನೆ ಚಂದ್ರಶೇಖರಯ್ಯ ಮೇಷ್ಟ್ರ ಹಿತ್ತಲಲ್ಲಿ. ಬಾವಿ ಮೇಲೆ ಅಡ್ಡಡ್ಡ ಕಲ್ಲುಚಪ್ಪಡಿ ಹಾಸಿ, ಕಾಂಪೌಂಡ್ ಗೋಡೆ ಅದರ ಮೇಲೇ ದಾಟಿ ಹೋಗುತ್ತೆ. ನಮ್ಮ ಮಾವ, ಮೇಷ್ಟ್ರ ಅಪ್ಪ ಇಬ್ಬರೂ ಸೇರಿ ಕಟ್ಟಿಸಿದ್ದು. ಬಾವಿಗೆ ಇಳಿಯೋ ಮೆಟ್ಟಿಲು ನಮ್ಮ ಕಡೆ ಇಟ್ರು, ಹಗ್ಗದ ರಾಟೆ ಅವರ ಕಡೆ ಇಟ್ರು. ಬೇಕಂತಲೇ. ಪಕ್ಕದ ಮನೆ ಜೊತೆ ಮಾತು ಬಿಟ್ರೆ ಗತಿ ಏನು ಅನ್ನೋ ಭಯ ಎರಡೂ ಮನೆಗೂ ಇರಲಿ ಅಂತ ನಮ್ಮ ಮಾವ ಹೇಳ್ತಿದ್ರು.

ಪ್ರತಿ ವರ್ಷ ಯುಗಾದಿಗೆ ಮುಂಚೆ ಬಾವಿ ಹೂಳು ತೆಗೀತೀವಿ. ನಮ್ಮ ಮನೆಯೋರು ಮೆಟ್ಟಿಲಲ್ಲಿ ಇಳಿದು ಕೆಸರು ತುಂಬೋದು, ಅವರ ಮನೆಯೋರು ರಾಟೇಲಿ ಎಳೆಯೋದು. ನನ್ನ ಯಜಮಾನ್ರು ಇದ್ದಾಗ ಅವರು ಇಳೀತಿದ್ರು, ಆಮೇಲೆ ಮಗ ಶಿವಶಂಕರ. ಎಳೆಯೋದು ಮಾತ್ರ ಮೂವತ್ತು ವರ್ಷದಿಂದ ಮೇಷ್ಟ್ರೇ. ರಿಟೈರ್ ಆದ್ರೂ ತೋಳು ಗಟ್ಟಿ ಇದೆ ಮನುಷ್ಯಂಗೆ. ಆ ಕೆಸರೇ ನಮ್ಮ ಮಲ್ಲಿಗೆಗೆ ಗೊಬ್ಬರ, ಅವರ ಕರಿಬೇವಿಗೂ ಗೊಬ್ಬರ.

ಈ ವರ್ಷ ಏನಾಯ್ತು ಅಂದ್ರೆ, ಶಿವರಾತ್ರಿ ಕಳೆದು ಹದಿನೈದು ದಿನಕ್ಕೆ ಮೇಷ್ಟ್ರು, ಅವರ ಹೆಂಡತಿ ಯಮುನಮ್ಮ ಇಬ್ಬರೂ ಮೈಸೂರಿಗೆ ಮದುವೆಗೆ ಹೊರಟ್ರು. ಯಮುನಮ್ಮ ಗೋಡೆ ಮೇಲಿಂದ ಹಿತ್ತಲ ಬೀಗದ ಕೈ ಕೊಟ್ಟು, "ಅಣ್ಣಮ್ಮ, ನಾಲ್ಕು ದಿನ ಗಿಡಕ್ಕೆ ನೀರು ಹಾಕಿ ಪುಣ್ಯ ಕಟ್ಕೊಳ್ಳಿ," ಅಂದ್ರು. ನೀರು ಹಾಕೋಕೆ ಅಂತ ಹೋದೋಳು ನೋಡ್ತೀನಿ, ಹಿತ್ತಲ ತುಂಬ ಗರಿಕೆ! ದಾಸವಾಳದ ಬುಡದಿಂದ ಹಿಡಿದು ಬಟ್ಟೆ ಒಗೆಯೋ ಕಲ್ಲಿನ ತನಕ ಹಾಸ್ಕೊಂಡು ಕೂತಿದೆ. ಗರಿಕೆ ಕಂಡ್ರೆ ನನ್ನ ಮೈ ಉರಿಯುತ್ತೆ. ಸೊಪ್ಪು ಬೆಳೆಯೋರನ್ನ ಯಾರನ್ನಾದ್ರೂ ಕೇಳಿ. ಒಂದು ಗೆಣ್ಣು ಉಳಿದ್ರೆ ಸಾಕು, ಒಂದು ತಿಂಗಳಲ್ಲಿ ಇಡೀ ಪಾತಿ ನುಂಗಿಬಿಡುತ್ತೆ.

ಪಾಪ, ವಯಸ್ಸಾದೋರು, ಬಗ್ಗೋಕಾಗಲ್ಲ, ಯುಗಾದಿ ಬೇರೆ ಬಂತು ಅಂತ ಕನಿಕರ ಉಕ್ಕಿ ಬಂತು ನನಗೆ. ಎರಡು ದಿನ ಕೂತೆ. ಗುದ್ದಲೀಲಿ ಮಣ್ಣು ಸಡಿಲ ಮಾಡಿ, ಬೇರು ಸಮೇತ, ಒಂದು ಎಳೇನೂ ಬಿಡದೆ ಕಿತ್ತೆ. ಕಿತ್ತಿದ್ದನ್ನೆಲ್ಲ ಹಸುಗೆ ಹಾಕ್ದೆ. ಆಮೇಲೆ ಹಿತ್ತಲು ಗುಡಿಸಿ, ನೀರು ಚಿಮುಕಿಸಿ, ಸೊಂಟ ಹಿಡ್ಕೊಂಡು ನಿಂತು ನೋಡ್ದೆ. ಹೆಮ್ಮೆ ಆಯ್ತು. ಸುಳ್ಳು ಯಾಕೆ ಹೇಳಲಿ.

ಅವರು ವಾಪಸ್ ಬಂದಿದ್ದು ಸಂಕಷ್ಟಿ ದಿನ ಬೆಳಗ್ಗೆ. ಹೊಗಳ್ತಾರೆ ಅಂತ ಗೋಡೆ ಹತ್ರಾನೇ ಕಾಯ್ತಿದ್ದೆ. ಮೇಷ್ಟ್ರು ಸ್ನಾನ ಮಾಡಿ, ಒದ್ದೆ ಪಂಚೇಲಿ, ಹಿತ್ತಾಳೆ ತಟ್ಟೆ ಹಿಡ್ಕೊಂಡು ಹಿತ್ತಲಿಗೆ ಬಂದ್ರು. ನಿಂತ್ರು. ಆ ಕಡೆ ನೋಡಿದ್ರು, ಈ ಕಡೆ ನೋಡಿದ್ರು. "ಗರಿಕೆ ಎಲ್ಲಿ?" ಅಂದ್ರು.

ಆಗ ಗೊತ್ತಾಯ್ತು ನನಗೆ. ದಿನಾ ಬೆಳಗ್ಗೆ ಅವರು ಗಣಪತಿಗೆ ಇಪ್ಪತ್ತೊಂದು ಗರಿಕೆ ಏರಿಸ್ತಾರೆ. ಅವರಪ್ಪನ ಕಾಲದಿಂದ ಆ ಹಿತ್ತಲಿನ ಗರಿಕೇನೇ. ನಾನು ಕಳೆ ಅಂತ ಕಿತ್ತಿದ್ದು ಅವರ ದೇವರ ಪೂಜೆ. ಅಷ್ಟು ವರ್ಷ ಪಕ್ಕದಲ್ಲಿದ್ದೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ ನೋಡಿ!

ಆವಾಗ್ಲೇ 'ಅಯ್ಯೋ, ತಪ್ಪಾಯ್ತು' ಅಂದಿದ್ರೆ ಮುಗೀತಿತ್ತು. ಆದ್ರೆ ಮೇಷ್ಟ್ರು, "ಕೇಳದೆ ಯಾಕ್ರೀ ಕೈ ಹಾಕಿದ್ರಿ?" ಅಂತ, ಸ್ಕೂಲ್ ಮಕ್ಕಳಿಗೆ ಕೇಳೋ ಹಾಗೆ ಕೇಳಿಬಿಟ್ರು. ನನ್ನ ಕೋಪ ಯಾವಾಗ್ಲೂ ಮೂಗಿನ ತುದೀಲೇ ಇರುತ್ತೆ. "ಎರಡು ದಿನ ಸೊಂಟ ಮುರ್ಕೊಂಡಿದೀನಿ, ಒಂದು ಥ್ಯಾಂಕ್ಸ್ ಇಲ್ಲ. ಹುಲ್ಲಿಗೆ ಇಷ್ಟೊಂದು ಗಲಾಟೆನಾ? ನಿಮ್ಮ ಗಣಪ್ಪಂಗೆ ಹುಲ್ಲೇ ಆಗ್ಬೇಕಾ? ನಮ್ಮ ಹಸು ಜೊತೆ ಕಟ್ಟಿಹಾಕಿ, ಹೊಟ್ಟೆ ತುಂಬ ತಿನ್ನಲಿ," ಅಂದುಬಿಟ್ಟೆ.

ಬಾಯಿಂದ ಬಿದ್ದ ತಕ್ಷಣ ಅತಿ ಆಯ್ತು ಅಂತ ನನಗೇ ಅನ್ನಿಸ್ತು. ಯಮುನಮ್ಮ ಸೆರಗು ಬಾಯಿಗೆ ಇಟ್ಕೊಂಡ್ರು. ಮೇಷ್ಟ್ರು ಕೂಗಾಡಲಿಲ್ಲ. "ಅಣ್ಣಮ್ಮನವರೇ, ಇನ್ಮೇಲೆ ನಿಮ್ಮ ಕೆಲಸ ನಿಮಗೆ, ನಮ್ಮ ಕೆಲಸ ನಮಗೆ. ಈ ಸಲ ನಾನು ರಾಟೆ ಮುಟ್ಟಲ್ಲ," ಅಂತ ಹೇಳಿ ಒಳಗೆ ಹೋದ್ರು. ಬಾಗಿಲು ಕೂಡ ಮೆತ್ತಗೆ ಹಾಕ್ಕೊಂಡ್ರು.

ಅವತ್ತಿಂದ ಬಿಸಿಲು ಏರ್ತಾ ಹೋಯ್ತು, ಬಾವಿ ನೀರು ಇಳೀತಾ ಹೋಯ್ತು. ಹೂಳು ತೆಗೆಯದೆ ತಳದ ಊಟೆ, ಅಂದ್ರೆ ನೀರಿನ ಸೆಲೆ, ಬಿಚ್ಚಲ್ಲ, ಊಟೆ ಬಿಚ್ಚದೆ ನೀರು ಬರಲ್ಲ. ಮೆಂತ್ಯ ಮಧ್ಯಾಹ್ನದ ಹೊತ್ತಿಗೆ ತಲೆ ಬಗ್ಗಿಸ್ತಿತ್ತು. ಮಲ್ಲಿಗೆ ಮೊಗ್ಗು ಕಡ್ಡಿ ಮೇಲೇ ಒಣಗೋಕೆ ಶುರುವಾಯ್ತು. ರಾತ್ರಿ ಊಟಕ್ಕೆ ಕೂತಾಗ ಶಿವಶಂಕರ ತಟ್ಟೆ ನೋಡ್ಕೊಂಡೇ ಮಾತು ತೆಗೆದ. "ಅಮ್ಮ, ಬೈಕ್ ಪಾರ್ಕಿಂಗ್ ಮಾಡೋರು ಕೇಳ್ತಿದಾರೆ. ಸಿಮೆಂಟ್ ಹಾಕಿ ಬಾಡಿಗೆಗೆ ಕೊಟ್ಬಿಡೋಣ. ಯುಗಾದಿ ಒಳಗೆ ಬಾವಿಲಿ ನೀರು ಬಂದ್ರೆ ನಾನು ಬಾಯೇ ತೆಗೆಯಲ್ಲ. ಬರಲಿಲ್ಲ ಅಂದ್ರೆ ಅವರಿಗೆ ಹೂಂ ಅಂತೀನಿ."

"ನನ್ನ ತೋಟಕ್ಕೆ ಸಿಮೆಂಟಾ?" ಅಂದೆ.

"ನೀರಿಲ್ಲದ ತೋಟ ಏನ್ ತೋಟ ಅಮ್ಮ? ಮೇಷ್ಟ್ರಿಗೆ ಒಂದು ಮಾತು ಹೇಳಿ ಮುಗಿಸಬಾರ್ದಾ?"

ಸೊಸೆ ವಿನುತಾ ಸಾರು ಬಡಿಸ್ತಾ, "ಅತ್ತೆ ತಪ್ಪಾಯ್ತು ಅಂದಿದ್ದು ನಾನು ಈ ಮನೆಗೆ ಬಂದು ಎಂಟು ವರ್ಷದಲ್ಲಿ ಕೇಳಿಲ್ಲ," ಅಂದ್ಳು. ನಕ್ಕೊಂಡೇ ಅಂದಿದ್ದು. ಚುಚ್ಚಿತು.

ತಪ್ಪಾಯ್ತು ಅಂತ ಹೇಳೋದಕ್ಕಿಂತ ಗರಿಕೆ ತಂದುಕೊಡೋದು ಸುಲಭ ಅಂತ ಲೆಕ್ಕ ಹಾಕ್ದೆ. ಬೆಳಗ್ಗೆ ಚೀಲ ಹಿಡ್ಕೊಂಡು ಹೊರಟೆ. ನನ್ನ ತೋಟದಲ್ಲಂತೂ ಒಂದು ಎಳೆ ಇಲ್ಲ, ಎಲ್ಲಿಂದ ಇರುತ್ತೆ? ಐದು ಅಡ್ಡರಸ್ತೆ ತಿರುಗಿದೆ. ಎಲ್ಲಾ ಕಡೆ ಟೈಲ್ಸು, ಚಪ್ಪಡಿ, ಸಿಮೆಂಟು. ನಲವತ್ತು ವರ್ಷ ನನ್ನ ಬೆನ್ನು ಮುರಿದ ಗರಿಕೆ, ಬೇಕು ಅಂದಾಗ ಒಂದು ಹಿಡಿ ಸಿಗಬಾರ್ದಾ! ಕೊನೆಗೆ ಒಂದು ಹಳೇ ಛತ್ರದ ಹಿಂದೆ, ಒಡೆದ ನಲ್ಲಿ ಪಕ್ಕ ಸಿಕ್ತು. ಬೇರು ಸಮೇತ ಎಬ್ಬಿಸಿ, ಒದ್ದೆ ಗೋಣೀಲಿ ಸುತ್ತಿ ತಂದು ಮೇಷ್ಟ್ರ ಮನೆ ಮುಂಬಾಗಿಲಿಗೆ ಹೋದೆ.

ಮೇಷ್ಟ್ರು ಗೋಣಿ ಬಿಚ್ಚಿ ನೋಡಿದ್ರು. ಯಮುನಮ್ಮನ ಕೈಗೆ ಕೊಟ್ಟು, "ನೆಟ್ಬಿಡು," ಅಂದ್ರು. ಆಮೇಲೆ ನನ್ನ ಕಡೆ ತಿರುಗಿ, "ಗರಿಕೆ ಮತ್ತೆ ಬೆಳೆಯುತ್ತೆ ಅಂತ ನನಗೂ ಗೊತ್ತು ಅಣ್ಣಮ್ಮನವರೇ. ನನಗೆ ಬೇಜಾರಾಗಿದ್ದು ಹುಲ್ಲಿಗಲ್ಲ," ಅಂದ್ರು. ಕಾಯ್ತಿದ್ರು. ನಾನು ಬಾಯಿ ತೆಗೆದೆ. "ಬರ್ತೀನಿ, ಹಸು ಕರೀಬೇಕು," ಅಂದು ಬಂದ್ಬಿಟ್ಟೆ. ಥೂ, ನನ್ನ ಮುಖಕ್ಕಿಷ್ಟು.

ಯುಗಾದಿಗೆ ಎರಡು ದಿನ ಇದೆ ಅನ್ನೋವಾಗ, ಬಾವಿಯಿಂದ ತೋಟಕ್ಕೆ ನೀರು ಬಿಡೋ ಮೋಟರ್ ಕೆಸರು ಎಳೆದು ಸುಟ್ಟುಹೋಯ್ತು. ಬೆಳಗಾದ ಮೇಲೆ ಶಿವಶಂಕರ ಅದನ್ನ ಬಿಚ್ಕೊಂಡು ರಿಪೇರಿಗೆ ಮತ್ತಿಕೆರೆಗೆ ಹೋದ. ಹಾಗೇ ಪಾರ್ಕಿಂಗ್‌ನೋರನ್ನೂ ನೋಡ್ಕೊಂಡು ಬರ್ತೀನಿ ಅಂದ. ಅವನ ಸ್ಕೂಟರ್ ತಿರುವು ದಾಟೋದೇ ತಡ, ನಾನು ಸೀರೆ ಎತ್ತಿ ಕಚ್ಚೆ ಹಾಕ್ದೆ. ಯಾರ ರಾಟೇನೂ ಬೇಡ, ಹೂಳನ್ನ ಗೋಣಿಚೀಲಕ್ಕೆ ತುಂಬಿ ಬೆನ್ನ ಮೇಲೆ ಹೊತ್ತು ತರ್ತೀನಿ ಅಂತ ತೀರ್ಮಾನ ಮಾಡ್ದೆ. ದೀಪ ದಾರಕ್ಕೆ ಕಟ್ಟಿ ಬಾವಿಗೆ ಇಳಿಸಿದೆ. ತಳದ ತನಕ ಉರೀತಾನೇ ಇತ್ತು, ಗಾಳಿ ಚೆನ್ನಾಗಿದೆ. ವಿನುತಾ, "ಅತ್ತೆ, ಬೇಡ ಅತ್ತೆ!" ಅಂತ ಸೀರೆ ಹಿಡ್ಕೊಂಡ್ಳು. "ಬಿಡೇ, ನೀನು ಹುಟ್ಟೋಕೆ ಮುಂಚೆ ಇಳಿದಿದೀನಿ," ಅಂದು ಇಳಿದೆ.

ಇಳಿದಿದ್ದು ಸಲೀಸಾಗೇ ಇಳಿದೆ. ಮೂವತ್ತು ಅಡಿ. ಕೆಳಗೆ ಮೊಣಕಾಲುದ್ದ ಕೆಸರು, ಅದರ ಮೇಲೆ ಒಂದು ಗೇಣು ನೀರು. ಚೀಲ ಅರ್ಧ ತುಂಬಿ ಬೆನ್ನಿಗೆ ಬಿಗಿದು ಹತ್ತೋಕೆ ಶುರು ಮಾಡ್ದೆ. ನಾಲ್ಕನೇ ಮೆಟ್ಟಿಲಲ್ಲಿ ಬಲಗಾಲು ಮಂಡಿ ಹಿಡ್ಕೊಂಡ್ತು. ಚೀಲ ಹಿಂದಕ್ಕೆ ಜಗ್ಗಿತು. ಗಂಟು ಬಿಚ್ಚಿ ಚೀಲ ಬೀಳಿಸಿ, ತೆವಳ್ತಾ ಕೆಳಗೆ ಬಂದೆ. ಇನ್ನೊಂದು ಸಲ ನೋಡ್ದೆ, ಬರೀ ಕೈಯಲ್ಲೂ ಆಗಲಿಲ್ಲ. ಮಂಡಿ ಮಡಿಚ್ತಾನೇ ಇಲ್ಲ. ಹೇಳೋಕೇನು, ಭಯ ಆಯ್ತು. ಈ ವಯಸ್ಸಲ್ಲಿ ಈ ಜಂಬ ಬೇಕಿತ್ತಾ ಅಂತ ನನ್ನನ್ನೇ ಬೈಕೊಂಡೆ.

ಮೇಲಿಂದ ವಿನುತಾ ಅಳೋಕೆ ಶುರು ಮಾಡಿದ್ಳು. "ಕೂಗ್ಬೇಡ ಕಣೇ!" ಅಂತ ನಾನು ಕೂಗಿದೆ. ಬಾವಿ ಒಳಗೆ ನನ್ನ ದನಿ ನನಗೇ ಗುಡುಗಿದ ಹಾಗೆ ಕೇಳಿಸ್ತು. ಕೆಳಗಿಂದ ನೋಡಿದ್ರೆ ಆಕಾಶ ಎರಡು ಹೋಳು, ಮಧ್ಯೆ ಕಪ್ಪಗೆ ಗೋಡೆ. ನಮ್ಮ ಹೋಳಲ್ಲಿ ಸೊಸೆ ತಲೆ. ಸ್ವಲ್ಪ ಹೊತ್ತಿಗೆ ಆ ಕಡೆ ಹೋಳಲ್ಲಿ ಮೇಷ್ಟ್ರ ತಲೆ ಕಾಣಿಸ್ತು. ರಾಟೆ ಕಿರ್ ಅಂತು, ಹಗ್ಗ ಇಳಿದು ಬಂತು. ನನ್ನ ಮೂಗಿನ ಮುಂದೆ ಬಂದು ನಿಂತ್ಕೊಂಡ್ತು.

"ಸೊಂಟಕ್ಕೆ ಕಟ್ಕೊಳ್ಳಿ," ಅಂದ್ರು.

ನಾನು ಹಗ್ಗ ಮುಟ್ಟಲಿಲ್ಲ. ಮುಟ್ಟಿದ ಮೇಲೆ ಹೇಳಿದ್ರೆ ಪ್ರಾಣ ಉಳಿದಿದ್ದಕ್ಕೆ ಹೇಳಿದ ಹಾಗಾಗುತ್ತೆ. ಅಷ್ಟು ಅಗ್ಗದ ಹೆಂಗಸಲ್ಲ ನಾನು.

"ಮೇಷ್ಟ್ರೇ," ಅಂದೆ. "ಹುಲ್ಲು ಕಿತ್ತಿದ್ದು ಗೊತ್ತಿಲ್ದೆ. ನಿಮ್ಮ ದೇವರನ್ನ ಆಡ್ಕೊಂಡಿದ್ದು ಗೊತ್ತಿದ್ದೂ ಗೊತ್ತಿದ್ದೂ. ನಿಮಗೆ ನೋವಾಗ್ಲಿ ಅಂತಲೇ ಅಂದೆ. ತಪ್ಪಾಯ್ತು."

ಮೆತ್ತಗೇ ಹೇಳಿದ್ದು ನಾನು. ಆದ್ರೆ ಬಾವಿ ಸುಮ್ಮನಿರುತ್ತಾ? ಆ ಮಾತನ್ನ ಎತ್ತಿ ಎರಡು ಕಡೆಗೂ ಹಂಚಿಬಿಡ್ತು. ಮೇಷ್ಟ್ರು ಕೆಮ್ಮಿದ್ರು. "ನಾನೂ ರಾಟೆ ಮುಟ್ಟಲ್ಲ ಅನ್ನಬಾರದಿತ್ತು," ಅಂದ್ರು. ದನಿ ಒದ್ದೆ ಆಗಿತ್ತು. "ಮೊದಲು ಮೇಲೆ ಬನ್ನಿ."

ನನ್ನ ಎದೆ ಹಗುರ ಆಯ್ತು. ಹಗುರ ಆದ ತಕ್ಷಣ ಬುದ್ಧಿ ಓಡೋಕೆ ಶುರುವಾಯ್ತು. ಇಳಿದಿದ್ದಂತೂ ಆಗಿದೆ, ಕೆಸರು ಕಾಲ ಕೆಳಗೇ ಇದೆ, ರಾಟೆ ಸಿಕ್ಕಿದೆ, ಕೈ ಎರಡೂ ನೆಟ್ಟಗಿವೆ. ಹಗ್ಗಕ್ಕೆ ಕೆಸರಿನ ಚೀಲ ಕಟ್ಟಿದೆ.

"ಎಳೀರಿ ಮೇಷ್ಟ್ರೇ," ಅಂದೆ.

"ರೀ, ನಿಮಗೇನು ಹುಚ್ಚಾ?"

"ಹೂಂ. ಎಳೀರಿ."

ಎಳೆದ್ರು. ವಿನುತಾನೂ ಆ ಕಡೆ ಓಡಿಹೋಗಿ ಹಗ್ಗಕ್ಕೆ ಕೈ ಹಾಕಿದ್ಳು. ಚೀಲ ಖಾಲಿಯಾಗಿ ವಾಪಸ್ ಬಂತು, ಮತ್ತೆ ತುಂಬಿದೆ. ನಲವತ್ತು ಚೀಲ ಆದ್ರೂ ಹೋಗಿರಬೇಕು, ಕೆಸರು ಪಾದದ ಮಟ್ಟಕ್ಕೆ ಇಳಿದಿತ್ತು, ಆಗ ಕಾಲ ಬೆರಳಿನ ಸಂದೀಲಿ ತಣ್ಣಗೆ ಏನೋ ಮಿಸುಕಾಡಿತು. ಊಟೆ ಬಿಚ್ಚಿತ್ತು. ನೋಡ್ತಾ ನೋಡ್ತಾ ನೀರು ಮೀನಖಂಡಕ್ಕೆ ಬಂತು, ಮಂಡಿಗೆ ಬಂತು. ಆವಾಗ ನನ್ನ ಸೊಂಟಕ್ಕೆ ಹಗ್ಗ ಬಿಗಿದು, "ಈಗ ನಾನು," ಅಂದೆ.

ರಾಟೆ ಆ ಕಡೆ ಇದ್ದಿದ್ದಕ್ಕೆ ಎದ್ದು ಬಂದಿದ್ದು ಮೇಷ್ಟ್ರ ಹಿತ್ತಲಿಗೆ. ಮೈಯೆಲ್ಲ ಕೆಸರು ಮೆತ್ಕೊಂಡು ಅವರ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತೆ. ಮೇಷ್ಟ್ರು ಅಲ್ಲೇ ನೆಲದ ಮೇಲೆ ಕೂತು ಏದುಸಿರು ಬಿಡ್ತಿದ್ರು. ಯಮುನಮ್ಮ ಬೈಕೊಂಡೇ ಇಬ್ಬರಿಗೂ ಕಾಫಿ ತಂದುಕೊಟ್ರು. ಅಷ್ಟರಲ್ಲಿ ಗೋಡೆ ಮೇಲೆ ಶಿವಶಂಕರನ ತಲೆ ಕಾಣಿಸ್ತು, ಭುಜದ ಮೇಲೆ ರಿಪೇರಿ ಆದ ಮೋಟರ್.

"ಅಮ್ಮ! ಅಲ್ಲೇನ್ ಮಾಡ್ತಿದೀಯ?"

"ಕಾಫಿ ಕುಡೀತಿದೀನಿ. ನೀನು ಬಾವಿ ಒಳಗೆ ಬಗ್ಗಿ ನೋಡು."

ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ತಲೆ ಎತ್ತಿದಾಗ ಅವನ ಮುಖ ನೋಡಿ, ನಗ್ತಿದಾನೋ ಅಳ್ತಿದಾನೋ ಗೊತ್ತಾಗಲಿಲ್ಲ.

"ಮೋಟರ್ ಕೂರಿಸು," ಅಂದೆ. "ಮೊದಲು ಮೆಂತ್ಯಕ್ಕೆ ಬಿಡು, ಬಾಡಿಹೋಗಿದೆ. ಆಮೇಲೆ ಪಾರ್ಕಿಂಗ್‌ನೋರಿಗೆ ಫೋನ್ ಮಾಡಿ, ನಮ್ಮಮ್ಮ ಜಾಗ ಕೊಡಲ್ಲವಂತೆ ಅಂತ ಹೇಳು."

"ಹೇಳ್ತೀನಮ್ಮ," ಅಂದ.