ಒಳಗೆ ಬಿಟ್ಟ ಬಟ್ಟೆ

ಕತ್ತರಿ ತಟ್ಟನೆ ನಿಂತಿತು, ನಾನೇ ನಿಲ್ಲಿಸಿದೆನೋ ಕೈ ತಾನಾಗಿ ನಿಂತಿತೋ, ನೀಲಿ ಬಟ್ಟೆಯ ಪಟ್ಟಿಯೊಂದು ಮೊಣಕಾಲ ಮೇಲಿಂದ ಜಾರಿ ನೆಲಕ್ಕೆ ಬಿತ್ತು, ಎರಡು ಬೆರಳಗಲ, ಕಂಕುಳಿಂದ ಸೊಂಟದವರೆಗಿನ ಉದ್ದ, ಅಪ್ಪನ ಅಂಗಿಯ ಎಡಮಗ್ಗುಲಲ್ಲಿ ಹೊಲಿಗೆಯ ಒಳಗೆ ಉಳಿಸಬೇಕಾಗಿದ್ದ ಬಟ್ಟೆ — ಏನು ಮಾಡಿಬಿಟ್ಟೆ ನಾನು, ಹಿಡಿದು ಹೊಲಿ ಅಂದಿದ್ದರು, ಹಿಡಿದು ಹೊಲಿ ಸಾಕು, ಕತ್ತರಿಸ್ಬೇಡ, ಮೈ ಬಂದ ಮೇಲೆ ಬಿಡಿಸೋಣ, ಬೆಳಗ್ಗೆ ಹಾಸಿಗೆಯಲ್ಲಿ ಒರಗಿಕೊಂಡು ಅಂದಿದ್ದೇ ಅಷ್ಟು, ಅಷ್ಟನ್ನೂ ನಡೆಸಿಕೊಡಲಾಗಲಿಲ್ಲ ನನಗೆ. ಬಲಮಗ್ಗುಲು ಇನ್ನೂ ಹಾಗೇ ಇದೆ, ಅಲ್ಲಿಗೆ ಕತ್ತರಿ ಹೋಗಿಲ್ಲ. ಒಳಗೆ ಬಿಟ್ಟ ಬಟ್ಟೆ ದಪ್ಪವಾಗಿ ಪಕ್ಕೆಗೆ ಉಜ್ಜುತ್ತದೆ, ಹೋದ ಸಲ ಹಿಡಿದು ಹೊಲಿದ ಮೇಲೆ ಮೈ ಒರೆಸುವಾಗ ಕೆಂಪು ಗೆರೆ ಕಂಡಿತ್ತು, ಅದಕ್ಕೇ ಕತ್ತರಿಸಿದೆ ಅನ್ನಬಹುದು, ಅನ್ನಬಹುದು, ಆದರೆ ಕೈಗೆ ಗೊತ್ತಿತ್ತು, ಇನ್ನು ಬಿಡಿಸುವ ಪ್ರಮೇಯ ಬರುವುದಿಲ್ಲ ಎಂದು ನನ್ನ ಬಾಯಿಗಿಂತ ಮೊದಲು ಕೈ ಒಪ್ಪಿಕೊಂಡಿತು.

ಒಳಗೆ ಬಟ್ಟೆ ಬಿಡದೆ ಹೊಲಿದ ನನ್ನ ಮೊದಲ ಅಂಗಿ, ಹನ್ನೆರಡು ವರ್ಷ ಆಗ, ಚೊಕ್ಕವಾಗಿ ಅಂಚಿಗೆ ಕತ್ತರಿಸಿ ಶಭಾಷ್ ಅನ್ನುತ್ತಾರೆಂದು ತೋರಿಸಿದರೆ ಅಪ್ಪ ಮೊದಲು ಒಳಮಗ್ಗುಲು ತಿರುಗಿಸಿ ನೋಡಿ ಇಡೀ ಅಂಗಿಯನ್ನು ಬಿಚ್ಚಿ ಕೈಗಿಟ್ಟಿದ್ದರು, ಮನುಷ್ಯ ಊದ್ತಾನೆ, ಇಳೀತಾನೆ, ಬಟ್ಟೆಗೆ ಆ ಬುದ್ಧಿ ಇಲ್ಲ, ನಾವೇ ಒಳಗೆ ಇಟ್ಟು ಕಳಿಸ್ಬೇಕು. ಹೆಡ್‌ಮಾಸ್ಟರ ಪ್ಯಾಂಟನ್ನು ಮೂರು ಸಲ ಬಿಡಿಸಿದ್ದರು, ನಾಲ್ಕನೇ ಸಲ ಬಂದಾಗ, ಸಾರ್, ಒಳಗಿದ್ದದ್ದೆಲ್ಲಾ ಹೊರಗೆ ಬಂತು, ಇನ್ನು ನೀವೇ ಒಳಗೆ ಹೋಗ್ಬೇಕು, ಅಂಗಡಿಯೆಲ್ಲಾ ನಕ್ಕಿತ್ತು, ಹೆಡ್‌ಮಾಸ್ಟರೇ ಎಲ್ಲರಿಗಿಂತ ಜೋರಾಗಿ. ಆ ಅಪ್ಪನ ಎದೆಯಳತೆ ಮೂವತ್ತೆಂಟು, ಆಸ್ಪತ್ರೆ ಶುರುವಾದ ಮೇಲೆ ಮೂವತ್ತಾರು, ಮೂವತ್ತನಾಲ್ಕು, ಇವತ್ತು ಮೂವತ್ತೊಂದು, ನಾನು ಅಂಕಿಯ ಮೇಲೆ ಬೆರಳಿಟ್ಟು ಮೂವತ್ತಮೂರು ಅಂದೆ, ಹೌದಾ, ಪರವಾಗಿಲ್ವೇ, ಅಂದರು ಅವರು. ರಸ್ತೆಯಾಚೆ ನಡೆದು ಹೋಗುವವನ ಎದೆಯಳತೆಯನ್ನು ಕಣ್ಣಲ್ಲೇ ಹೇಳುತ್ತಿದ್ದ ಮನುಷ್ಯನಿಗೆ ನಾನು ಟೇಪು ಹಿಡಿದು ಸುಳ್ಳು ಹೇಳಿದೆ.

ಮಂಗಳವಾರ ಡಾಕ್ಟರು ಅಪ್ಪನನ್ನು ತೂಕ ನೋಡಲು ನರ್ಸಿನ ಜೊತೆ ಆಚೆಗೆ ಕಳಿಸಿ ಬಾಗಿಲು ಮುಂದಕ್ಕೆ ತಳ್ಳಿದ್ದರು, ಹೊಟ್ಟೆಯಿಂದ ಲಿವರಿಗೂ ಹರಡಿದೆಯಮ್ಮ, ಇನ್ನು ಔಷಧಿ ಕೊಟ್ಟರೆ ಹಿಂಸೆ ಅಷ್ಟೇ, ಮನೆಯಲ್ಲಿಟ್ಟು ನೋವಿಲ್ಲದ ಹಾಗೆ ನೋಡ್ಕೊಳ್ಳಿ — ಹೊರಗೆ ಬಂದು ಅಪ್ಪನ ಚಪ್ಪಲಿಯನ್ನು ಕಾಲಿಗೆ ಜೋಡಿಸುತ್ತಾ ನಾನು ಅಂದದ್ದು, ಒಂದು ತಿಂಗಳು ರಜೆ ಕೊಟ್ಟಿದ್ದಾರಪ್ಪ, ಶಕ್ತಿ ಬಂದ ಮೇಲೆ ಮತ್ತೆ ಶುರು ಮಾಡ್ತಾರಂತೆ. ಅಣ್ಣ ಫೋನಿನಲ್ಲಿ, ಅವರಿಗೆ ಹೇಳ್ಬೇಡ, ಕುಗ್ಗಿಹೋಗ್ತಾರೆ, ನೀನು ನಗ್ತಾ ಇರು. ದೂರದಲ್ಲಿ ಕೂತವನಿಗೆ ಹೇಳುವುದಕ್ಕೇನು, ನಗುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದ. ನಾಲ್ಕು ಚಮಚ ಊಟಕ್ಕೆ ಒಂದು ಗಂಟೆ, ಚಮಚ ಹಿಡಿದ ಅಪ್ಪನ ಕೈ ನಡುಗಿ ಅರ್ಧ ಎದೆಯ ಮೇಲೆ, ಉಳಿದರ್ಧ ವಾಂತಿಯಾಗಿ ಈಗಷ್ಟೇ ಹಾಸಿದ ಹೊದಿಕೆಯ ಮೇಲೆ, ನಿನ್ನೆ ಮೂರನೇ ಸಲ ಹೊದಿಕೆ ಎಳೆಯುವಾಗ ಬೇಗ ಮುಗಿದರೆ ಸಾಕಪ್ಪಾ ಅನ್ನಿಸಿತು, ಅನ್ನಿಸಿತು, ಇಲ್ಲವೆಂದರೆ ಸುಳ್ಳು, ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರನ್ನು ಕಂಡು ಲೋಕ ನಗುತ್ತದೆ, ಮನುಷ್ಯ ಇನ್ನೂ ಉಸಿರಾಡುತ್ತಿರುವಾಗಲೇ ಅವನ ಅಂಗಿಯ ಲೆಕ್ಕ ಮುಗಿಸಿದವಳನ್ನು ಕಂಡು ಏನು ಮಾಡುತ್ತದೆ. ಈ ಪಟ್ಟಿಯನ್ನೇ ಮತ್ತೆ ಕೂಡಿಸಿ ಹೊಲಿದರೆ — ಜೋಡಣೆ ಬೆರಳಿಗೆ ಸಿಗುತ್ತದೆ. ಅದೇ ನೀಲಿ ತುಂಡು ಬಟ್ಟೆ ಅಂಗಡಿಯ ಮೂಟೆಯಲ್ಲಿ — ಅಪ್ಪ ಎದ್ದರು, ಮಂಚ ಕಿರುಗುಟ್ಟಿತು, ಗೋಡೆಗೆ ಅಂಗೈ ಊರಿಕೊಂಡು ಬರುವ ಸದ್ದು, ಪಟ್ಟಿಯನ್ನು ಕಾಲಿನಿಂದ ಹೊಲಿಗೆ ಯಂತ್ರದ ಕೆಳಕ್ಕೆ ತಳ್ಳುತ್ತೇನೆ.

ಆಯ್ತಾ, ಕೊಡು ನೋಡೋಣ, ಅನ್ನುತ್ತಾ ಎದುರಿನ ಸ್ಟೂಲಿನ ಮೇಲೆ ಕೂರುತ್ತಾರೆ, ಇಲ್ಲಪ್ಪ ಇನ್ನೂ ಕಾಜಾ ನೋಡ್ಬೇಕು, ಗುಂಡಿ ಬಿಗಿ ಮಾಡ್ಬೇಕು, ಏನೇನೋ ಬಡಬಡಿಸುತ್ತೇನೆ, ಚಾಚಿದ ಕೈ ಚಾಚಿಯೇ ಇದೆ, ಕೊಡುತ್ತೇನೆ. ಹೊರಮಗ್ಗುಲು ನೋಡುವುದೇ ಇಲ್ಲ, ಒಳಗು ಹೊರಗು ಮಾಡಿ ಬಲಗಡೆಯ ಹೊಲಿಗೆಯ ಗುಂಟ ಹೆಬ್ಬೆರಳು ಇಳಿಯುತ್ತದೆ, ಬಟ್ಟೆ ಇದೆ, ಎಡಗಡೆಗೆ ಬರುತ್ತದೆ, ಕಂಕುಳ ಹತ್ತಿರ ನಿಲ್ಲುತ್ತದೆ, ಕೆಳಗೆ ಇಳಿದು ಮತ್ತೆ ಮೇಲಕ್ಕೆ ಬರುತ್ತದೆ. ಚುಚ್ತಾ ಇತ್ತಲ್ಲಪ್ಪ, ಅದಕ್ಕೆ. ಹೂಂ, ಅನ್ನುತ್ತಾರೆ. ಹೊರಗೆ ಯಾರೋ ಗಾಡಿ ಶುರು ಮಾಡುತ್ತಿದ್ದಾರೆ, ಹತ್ತುವುದಿಲ್ಲ, ಮತ್ತೆ ಒದೆಯುತ್ತಾರೆ. ನಿನಗೂ ಹೇಳಿದ್ರಾ ಡಾಕ್ಟ್ರು, ಅನ್ನುತ್ತಾರೆ ಅಪ್ಪ, ಅಂಗಿಯನ್ನು ನೋಡುತ್ತಲೇ. ನಿನಗೂ. ನಿನಗೂ ಅಂದರೆ — ತೂಕದ ಯಂತ್ರದ ಹತ್ತಿರ ನರ್ಸನ್ನು ಕೇಳಿದರೋ, ಅದಕ್ಕೂ ಮುಂಚೆಯೇ ಕೇಳಿ ತಿಳಿದಿದ್ದರೋ, ಹಾಗಾದರೆ ಪರವಾಗಿಲ್ವೇ ಅಂದದ್ದು, ಮೈ ಬಂದ ಮೇಲೆ ಬಿಡಿಸೋಣ ಅಂದದ್ದು, ಅದೆಲ್ಲಾ ನನಗಾಗಿ, ನಾನು ಕುಗ್ಗದಿರಲಿ ಎಂದು, ಇಷ್ಟು ದಿನ ಇಬ್ಬರೂ ಒಬ್ಬರಿಗೊಬ್ಬರು ನಗುತ್ತಾ — ಹೌದೆಂದು ತಲೆಯಾಡಿಸುತ್ತೇನೆ. ಒಂದೇ ಕಡೆ ತೆಗೆದ್ರೆ ಅಂಗಿ ಎಳೆಯುತ್ತೆ ಮಗಳೇ, ಈ ಕಡೆನೂ ತೆಗಿ, ಅನ್ನುತ್ತಾರೆ, ಬಲಮಗ್ಗುಲನ್ನು ನನ್ನ ಮುಂದೆ ಚಾಚಿ ಹಿಡಿಯುತ್ತಾರೆ, ನಾನು ಕಲಿಯುವಾಗ ಹಿಡಿಯುತ್ತಿದ್ದ ಹಾಗೆ, ಸುಕ್ಕು ಬಾರದ ಹಾಗೆ ಎರಡೂ ತುದಿ ಬಿಗಿಯಾಗಿ, ಕತ್ತರಿ ಬಾಯಿ ತೆರೆದಿದೆ, ಬಟ್ಟೆ ಅದರೊಳಗಿದೆ, ಚಮಚ ಹಿಡಿದರೆ ನಡುಗುವ ಆ ಕೈ ಈಗ ನಡುಗುತ್ತಿಲ್ಲ, ಹೂಂ, ಅನ್ನುತ್ತಾರೆ, ಆ ಹೆಬ್ಬೆರಳು, ಬಟ್ಟೆಯನ್ನು ನನಗಾಗಿ ಬಿಗಿಹಿಡಿದು ಉಗುರು ಬೆಳ್ಳಗಾದ ಆ ಹೆಬ್ಬೆರಳು, ಆ ಹೆಬ್ಬೆರಳು